ಬಾಣಂತಿಸನ್ನಿ ಎಂಬ ಮಾತೂ ಮೆದುಳಿನ ಸಿರೆಗಳ ರೋಗವೊಂದೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಗ್ರಾಮ್ಯಪದಗಳನ್ನು ಕೆಲವು ಕಾಲದಿಂದ ಗುರುತುಮಾಡಿಕೊಳ್ಳುತ್ತ ಬಂದಿರುವ ನನಗೆ, ಅರ್ಥವನ್ನು ಬರೆಯಲು ಕುಳಿತಾಗ ಲೇಖನಿ ಮುಂದೆ ಸಾಗದಂತೆ ಮಾಡಿದ ಮಾತು ‘ಬಾಣಂತಿಸನ್ನಿ’. ಮಾತು ಅಪೂರ್ವವಾದುದಲ್ಲ, ಹಳೆಯ ಮೈಸೂರು ಸೀಮೆಯ ಹಿರಿಯ ಹೆಂಗಸರಿಗೆ ಇದು ತಿಳಿದದ್ದೇ. ಹೆರಿಗೆಯಾಗಿ ಎಂಟು ಹತ್ತು ದಿನ ಕಳೆದ ಮೇಲೆ ಬಾಣಂತಿಗೆ ತಲೆನೋವು ಹತ್ತಿ, ಮಾತು ತಡವರಿಸಿ, ಕೈಕಾಲು ಸೆಟೆದು, ಎಚ್ಚರ ತಪ್ಪಿದರೆ ಅದು ಬಾಣಂತಿಸನ್ನಿ. ಮಗುವನ್ನು ದೂರ ತಳ್ಳಿ, ನಿದ್ದೆಯಿಲ್ಲದೆ, ಸಂಬಂಧವಿಲ್ಲದ ಮಾತನ್ನಾಡಿದರೂ ಅದು ಬಾಣಂತಿಸನ್ನಿಯೇ. ಚಳಿಜ್ವರದಲ್ಲಿ ಬಡಬಡಿಸಿದರೂ ಅದೇ. ಇಷ್ಟನ್ನೂ ಒಂದೇ ಪದದ ಎದುರಿಗೆ ಬರೆಯಬಹುದೆ, ಬರೆದರೆ ಓದುವವನಿಗೆ ಏನು ತಿಳಿದೀತು ಎಂಬುದೇ ನನ್ನ ತೊಡಕು.

ಈ ತೊಡಕಿಗೆ ಮನೆಯ ಕಾರಣವೂ ಒಂದುಂಟು. ನಾನು ಹುಡುಗನಾಗಿದ್ದಾಗ ಹೇಮಾವತಿಯ ದಂಡೆಯ ನಮ್ಮ ಹಳ್ಳಿಯಲ್ಲಿ, ಚೊಚ್ಚಲ ಬಾಣಂತಿಯಾಗಿದ್ದ ನನ್ನ ಚಿಕ್ಕಮ್ಮ ಹನ್ನೆರಡನೆಯ ದಿನ ತೀರಿಕೊಂಡರು. ‘ಸನ್ನಿಯಾಯಿತು’ ಎಂದರು ಅಜ್ಜಿ. ಅಲ್ಲಿಗೆ ಮಾತು ಮುಗಿಯಿತು. ಮೂವತ್ತು ವರ್ಷಗಳ ತರುವಾಯ ನಮ್ಮಣ್ಣನ ಮಗಳಿಗೆ ಅಂಥದೇ ತಲೆನೋವು, ಅಂಥದೇ ಸೆಳವು ಬಂದಿತು. ಆಕೆ ಬದುಕಿಕೊಂಡಳು, ಆ ಮಗು ಈಗ ಶಾಲೆಗೆ ಹೋಗುತ್ತಿದೆ. ಈ ಎರಡು ಸಂಗತಿಗಳ ನಡುವೆ ಲೋಕದಲ್ಲಿ ಏನು ನಡೆಯಿತೆಂಬುದನ್ನು ತಿಳಿಯಬೇಕೆಂದು ಓದಿದುದರ ಫಲವೇ ಪ್ರಕೃತ ಲೇಖನ. ನಾನು ವೈದ್ಯನಲ್ಲ, ಭಾಷೆಯ ಅಧ್ಯಾಪಕ. ಇಲ್ಲಿರುವುದನ್ನು ಯಾರೂ ಚಿಕಿತ್ಸೆಯ ಉಪದೇಶವೆಂದು ಭಾವಿಸಬಾರದು.

ಮೊದಲು ಪದವನ್ನು ನೋಡೋಣ. ‘ಸನ್ನಿ’ ಎಂಬುದು ಸಂಸ್ಕೃತದ ‘ಸನ್ನಿಪಾತ’ ಶಬ್ದದ ಮೊಟಕಾದ ರೂಪ. ಸನ್ನಿಪಾತವೆಂದರೆ ಒಟ್ಟಿಗೆ ಬಂದು ಬೀಳುವುದು. ವೈದ್ಯಶಾಸ್ತ್ರದಲ್ಲಿ ವಾತ ಪಿತ್ತ ಕಫಗಳೆಂಬ ಮೂರು ದೋಷಗಳೂ ಒಮ್ಮೆಗೇ ಕೆರಳುವುದು. ಮೂರರಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಭೇದದಿಂದ ಚರಕನು ಸನ್ನಿಪಾತವನ್ನು ಹದಿಮೂರು ಬಗೆಯಾಗಿ ಎಣಿಸಿದ್ದಾನೆ. ಶಾಸ್ತ್ರದಲ್ಲಿ ಇಷ್ಟು ನಯವಾದ ಲೆಕ್ಕವಿದ್ದ ಪದ ಜನರ ಬಾಯಿಗೆ ಬಂದಾಗ, ಬುದ್ಧಿ ಕದಡಿ ಮೈ ಸೆಟೆಯುವ ಸ್ಥಿತಿ ಎಂಬ ಒಂದೇ ಅರ್ಥದಲ್ಲಿ ನಿಂತಿತು. ‘ಸನ್ನಿ ಹಿಡಿದವನ ಹಾಗೆ ಆಡುತ್ತಾನೆ’ ಎಂಬಲ್ಲಿ ರೋಗದ ಸೋಂಕೂ ಇಲ್ಲ. ತಮಿಳಿನಲ್ಲಿ ಇದೇ ಮಾತು ‘ಜನ್ನಿ’ಯಾಗಿದೆ. ಸಿಂಹಳಕ್ಕೆ ಹೋಗಿ ಅಲ್ಲಿ ಪಿಶಾಚವೇ ಆಯಿತು: ಹದಿನೆಂಟು ‘ಸನ್ನಿ’ಗಳಿಗೆ ಹದಿನೆಂಟು ಮುಖವಾಡಗಳನ್ನು ಕಟ್ಟಿ ಕುಣಿದು ರೋಗವನ್ನು ಬಿಡಿಸುವ ಪದ್ಧತಿ ಆ ದ್ವೀಪದಲ್ಲಿ ಪ್ರಸಿದ್ಧವಾಗಿದೆ. ‘ಬಾಣಂತಿ’ ಶಬ್ದಕ್ಕೆ ತೆಲುಗಿನ ‘ಬಾಲಿಂತ’, ಮರಾಠಿಯ ‘ಬಾಳಂತೀಣ’ ಎಂಬ ನೆಂಟರಿದ್ದಾರೆ. ಅವುಗಳ ವಂಶಾವಳಿಯ ಚರ್ಚೆ ಇನ್ನೊಂದು ಲೇಖನದ ವಿಷಯ.

ಮಾಧವನಿದಾನದಲ್ಲಿ ಸೂತಿಕಾರೋಗವೆಂದು ಪ್ರತ್ಯೇಕ ಪ್ರಕರಣವಿದೆ. ಅಲ್ಲಿ ಹೇಳಿರುವ ಲಕ್ಷಣಗಳಲ್ಲಿ ಮೈನೋವು, ಜ್ವರ, ನಡುಕ, ಊತ ಇವುಗಳ ಜೊತೆಗೆ ಬಾಯಾರಿಕೆಯೂ ಸೇರಿದೆ. ಈ ಬಾಯಾರಿಕೆಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಇಂದಿನ ವೈದ್ಯರು ಬಾಣಂತಿಸನ್ನಿಯೆಂಬ ಒಂದು ಹೆಸರಿನ ಕೆಳಗೆ ಕಡೆಯ ಪಕ್ಷ ನಾಲ್ಕು ಬೇರೆಬೇರೆ ರೋಗಗಳನ್ನು ಕಾಣುತ್ತಾರೆ. ಬಸುರಿನಲ್ಲಿ ರಕ್ತದ ಒತ್ತಡವೇರಿ ಹೆರಿಗೆಯ ಆಸುಪಾಸಿನಲ್ಲಿ ಸೆಳವು ತರುವ ಎಕ್ಲಾಂಪ್ಸಿಯಾ ಒಂದು. ಹೆರಿಗೆಯ ಬಳಿಕ ಮೊದಲ ಎರಡು ದಿನಗಳಲ್ಲಿ ಅದರ ಭಯ ಹೆಚ್ಚು. ಗರ್ಭಕೋಶಕ್ಕೆ ನಂಜೇರಿ ಬರುವ ಜ್ವರ ಮತ್ತೊಂದು. ಕೈತೊಳೆದು ಹೆರಿಗೆ ಮಾಡಿಸಿದರೆ ಅದು ಇಳಿಯುತ್ತದೆಂದು ವಿಯೆನ್ನಾದ ಸೆಮ್ಮೆಲ್‌ವೈಸ್ ೧೮೪೭ರಲ್ಲಿ ತೋರಿಸಿದನು. ಮೂರನೆಯದು ಚಿತ್ತವಿಕಾರ; ಇದರಲ್ಲಿ ಬುದ್ಧಿ ಕದಡುವುದೇ ಮುಖ್ಯ. ನಾಲ್ಕನೆಯದೇ ನಮ್ಮ ವಿಷಯ: ಮೆದುಳಿನಿಂದ ರಕ್ತವನ್ನು ಹಿಂದಕ್ಕೆ ಒಯ್ಯುವ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದು.

ಇಲ್ಲಿ ಪರಿಭಾಷೆಯ ಮಾತೊಂದನ್ನು ಹೇಳಲೇಬೇಕು. ನಮ್ಮ ಪಠ್ಯಪುಸ್ತಕಗಳು ಹೃದಯದಿಂದ ಹೊರಡುವ ನಾಳವನ್ನು ‘ಅಪಧಮನಿ’ಯೆಂದೂ ಹೃದಯಕ್ಕೆ ಮರಳುವ ನಾಳವನ್ನು ‘ಅಭಿಧಮನಿ’ಯೆಂದೂ ಕರೆಯುತ್ತವೆ. ಉಪಸರ್ಗವೊಂದರ ವ್ಯತ್ಯಾಸದಿಂದ ವಿರುದ್ಧಾರ್ಥಗಳನ್ನು ಹೊತ್ತ ಈ ಜೋಡಿಯನ್ನು ಅದಲುಬದಲು ಮಾಡದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಧಮನಿ, ಸಿರೆ ಎಂಬ ಎರಡು ಬೇರೆ ಮಾತುಗಳೇ ಇರುವಾಗ ಈ ಕಷ್ಟವೇಕೆ? ಈ ಲೇಖನದಲ್ಲಿ ಧಮನಿಯೆಂದರೆ ರಕ್ತವನ್ನು ತರುವ ನಾಳ, ಸಿರೆಯೆಂದರೆ ರಕ್ತವನ್ನು ಒಯ್ಯುವ ನಾಳ.

ಮೆದುಳಿನ ಸಿರೆಗಳು ಕೊನೆಗೆ ತಲೆಬುರುಡೆಯ ಒಳಮೈಗೆ ಅಂಟಿರುವ ಗಟ್ಟಿಪೊರೆಯ ಮಡಿಕೆಗಳಲ್ಲಿ ಹುದುಗಿರುವ ಅಗಲವಾದ ಕಾಲುವೆಗಳಿಗೆ ಬಂದು ಸೇರುತ್ತವೆ. ಇವುಗಳಲ್ಲಿ ದೊಡ್ಡದು, ಹೆಂಗಸರು ಬೈತಲೆ ತೆಗೆಯುವ ಗೆರೆಯ ನೇರಕ್ಕೆ, ಹಣೆಯಿಂದ ಹೆಡತಲೆಯವರೆಗೆ ಹರಿಯುತ್ತದೆ. ಅಲ್ಲಿಂದ ರಕ್ತ ಎರಡು ಪಕ್ಕಕ್ಕೂ ಕವಲೊಡೆದು ಕಿವಿಯ ಹಿಂಭಾಗದಿಂದ ಕುತ್ತಿಗೆಗೆ ಇಳಿಯುತ್ತದೆ. ಗೊರೂರಿನ ಅಣೆಕಟ್ಟಿನ ಕೆಳಗಿನ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಗದ್ದೆಗೆ ನೀರು ತರುವ ಕಾಲುವೆ ಕಟ್ಟಿಕೊಂಡರೆ ಪೈರು ಒಣಗುವುದು. ಧಮನಿ ಮುಚ್ಚಿಹೋಗಿ ಬರುವ ಸಾಮಾನ್ಯ ಪಾರ್ಶ್ವವಾಯು ಈ ಬಗೆಯದು. ಆದರೆ ನೀರು ಹೊರಹೋಗುವ ಬಸಿಗಾಲುವೆ ಕಟ್ಟಿಕೊಂಡರೆ ಆಗುವುದೇ ಬೇರೆ. ಗದ್ದೆಯಲ್ಲಿ ನೀರು ನಿಂತು, ನೆಲ ಜವುಳಾಗಿ, ಪೈರು ಕೊಳೆತು, ಕೊನೆಗೆ ಬದುವೇ ಒಡೆಯುವುದು. ಸಿರೆ ಮುಚ್ಚಿದ ಮೆದುಳಿನಲ್ಲಿಯೂ ಹೀಗೆಯೇ: ಮೊದಲು ಒತ್ತಡ, ಅನಂತರ ಊತ, ಕೊನೆಗೆ ಸಣ್ಣ ನಾಳಗಳು ಒಡೆದು ರಕ್ತಸ್ರಾವ.

ರೋಗದ ನಡೆಯೂ ಇದಕ್ಕೆ ತಕ್ಕಂತೆ ಇರುತ್ತದೆ. ಧಮನಿಯ ಪಾರ್ಶ್ವವಾಯು ಸಿಡಿಲಿನಂತೆ ಎರಗಿದರೆ, ಇದು ದಿನದಿನಕ್ಕೆ ಏರುತ್ತ ಬರುವುದು. ಇಪ್ಪತ್ತೊಂದು ದೇಶಗಳ ೬೨೪ ರೋಗಿಗಳನ್ನು ಹಿಂಬಾಲಿಸಿ ೨೦೦೪ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ನೂರಕ್ಕೆ ಸುಮಾರು ೮೯ ಮಂದಿಗೆ ತಲೆನೋವೂ ೩೯ ಮಂದಿಗೆ ಸೆಳವೂ ಇದ್ದವು. ಅದೇ ಅಧ್ಯಯನದಲ್ಲಿ ನೂರಕ್ಕೆ ೭೯ ಮಂದಿ ಪೂರ್ಣವಾಗಿ, ಅಥವಾ ಬಹುಮಟ್ಟಿಗೆ ಪೂರ್ಣವಾಗಿ, ಗುಣಹೊಂದಿದರು. ಸತ್ತವರು ನೂರಕ್ಕೆ ಎಂಟು. ‘ಸನ್ನಿಯಾಯಿತು’ ಎಂಬ ನಮ್ಮಜ್ಜಿಯ ಮಾತಿನಲ್ಲಿದ್ದ ಮುಗಿದುಹೋದ ಧ್ವನಿಗೂ ಈ ಅಂಕಿಗಳಿಗೂ ಎಷ್ಟು ಅಂತರ!

ರೋಗ ಅಪರೂಪದ್ದೆಂದೇ ಎಣಿಕೆ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಮೂರು ನಾಲ್ಕು ಮಂದಿಗೆ ಬರುವುದೆಂದು ಬಹುಕಾಲ ನಂಬಿದ್ದರು. ೨೦೧೨ರ ನೆದರ್ಲೆಂಡ್ಸಿನ ಲೆಕ್ಕದಲ್ಲಿ ಅದು ಸುಮಾರು ಹದಿಮೂರಕ್ಕೆ ಏರಿತು. ಹೆಚ್ಚಿದ್ದು ರೋಗವೋ, ಅದನ್ನು ಕಾಣುವ ಕಣ್ಣೋ? ಕಣ್ಣೇ ಎಂದು ನನಗೆ ತೋರುತ್ತದೆ. ೧೯೭೧ರಲ್ಲಿ ಸಿ.ಟಿ. ಯಂತ್ರವೂ ಆಮೇಲೆ ಎಂ.ಆರ್.ಐ. ಯಂತ್ರವೂ ಬರುವ ತನಕ, ಬದುಕಿರುವ ರೋಗಿಯಲ್ಲಿ ಇದನ್ನು ನಿಶ್ಚಯವಾಗಿ ಹೇಳುವುದು ಬಹಳ ಕಷ್ಟವಾಗಿತ್ತು. ಬಹುಮಟ್ಟಿಗೆ ಶವಪರೀಕ್ಷೆಯೇ ಇದರ ನಿದಾನವಾಗಿತ್ತು. ಫ್ರಾನ್ಸಿನ ರಿಬ್ ೧೮೨೫ರಲ್ಲಿ ವರ್ಣಿಸಿದ ಮೊದಲ ರೋಗಿಯೂ, ಸ್ಕಾಟ್ಲೆಂಡಿನ ಏಬರ್‌ಕ್ರಾಂಬಿ ೧೮೨೮ರಲ್ಲಿ ವರ್ಣಿಸಿದ ಮೊದಲ ಬಾಣಂತಿಯೂ ಸತ್ತ ಮೇಲೆ ಗೊತ್ತಾದವರೇ. ಆ ಬಾಣಂತಿಗೆ ಇಪ್ಪತ್ತನಾಲ್ಕು ವರ್ಷ. ಹೆರಿಗೆಯಾಗಿ ಎರಡು ವಾರವಾಗಿತ್ತು. ನಮ್ಮ ಚಿಕ್ಕಮ್ಮನ ಕಥೆಗೆ ನೂರೈವತ್ತು ವರ್ಷ ಹಿಂದಿನ ಪ್ರತಿ.

ಬಾಣಂತಿಗೇ ಏಕೆ ಬರಬೇಕು? ಹೆರಿಗೆಯಲ್ಲಿ ತಾಯಿ ರಕ್ತ ಬಸಿದು ಸಾಯದಿರಲೆಂದು ಪ್ರಕೃತಿಯೇ ಬಸುರಿನ ಕೊನೆಯ ತಿಂಗಳುಗಳಲ್ಲಿ ರಕ್ತದ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿರುತ್ತದೆ. ಹೆರಿಗೆಯ ಬಳಿಕ ಅದು ಹಳೆಯ ಸ್ಥಿತಿಗೆ ಇಳಿಯಲು ಸುಮಾರು ಆರು ವಾರ ಬೇಕು. ಅದರಲ್ಲಿಯೂ ಮೊದಲ ಮೂರು ವಾರ ಅಪಾಯದ ಕಾಲ. ಒಂದು ಆಪತ್ತಿನಿಂದ ಕಾಯುವ ಏರ್ಪಾಡೇ ಇನ್ನೊಂದು ಆಪತ್ತಿನ ಬಾಗಿಲು. ಇದರ ಮೇಲೆ ರಕ್ತಹೀನತೆ, ನಂಜು, ಮೈಯ ನೀರು ಬತ್ತುವುದು ಇವು ಕೂಡಿದರೆ ಬಾಗಿಲು ಇನ್ನಷ್ಟು ತೆರೆಯುತ್ತದೆ.

ಭಾರತದಲ್ಲಿ ಮೆದುಳಿನ ಸಿರೆಗಳ ಈ ರೋಗ ಬಹುಕಾಲ ಬಾಣಂತಿಯರ ರೋಗವೆಂದೇ ಗಣಿತವಾಗಿತ್ತು. ಕೆ. ಶ್ರೀನಿವಾಸನ್ ಅವರು ತಮಿಳುನಾಡಿನಲ್ಲಿ ಕಂಡ ೧೩೫ ಮಂದಿ ಬಸುರಿ ಬಾಣಂತಿಯರ ವಿವರವನ್ನು ೧೯೮೩ರಲ್ಲಿ ಪ್ರಕಟಿಸಿದರು. ನಮ್ಮ ನಾಡಿನಲ್ಲಿ ಈ ಕೆಲಸವನ್ನು ದಶಕಗಳ ಕಾಲ ನಡೆಸಿದುದು ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎಂದರೆ ಜನರು ಬಲ್ಲ ನಿಮ್ಹಾನ್ಸ್. ಅಲ್ಲಿ ಡಿ. ನಾಗರಾಜ ಅವರೂ ಅವರ ಸಹೋದ್ಯೋಗಿಗಳೂ ೫೭ ಮಂದಿ ಬಾಣಂತಿಯರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ರಕ್ತವನ್ನು ಹೆಪ್ಪುಗಟ್ಟಗೊಡದ ಹೆಪಾರಿನ್ ಎಂಬ ಔಷಧವನ್ನು ಕೊಟ್ಟು, ಮತ್ತೊಂದಕ್ಕೆ ಕೊಡದೆ ಪರೀಕ್ಷಿಸಿ ೧೯೯೫ರಲ್ಲಿ ಫಲವನ್ನು ಪ್ರಕಟಿಸಿದರು. ಕೊಡದ ಪಂಗಡದಲ್ಲಿ ಮೂವರು ಸತ್ತರು ಅಥವಾ ಅವರಿಗೆ ಅಂಗದೌರ್ಬಲ್ಯ ಉಳಿಯಿತು. ಕೊಟ್ಟ ಪಂಗಡದಲ್ಲಿ ಅಂಥವರು ಒಬ್ಬರೂ ಇರಲಿಲ್ಲ. ಮೆದುಳಿನಲ್ಲಿ ರಕ್ತಸ್ರಾವ ಕಂಡವರನ್ನು ಆ ಪರೀಕ್ಷೆಗೆ ಸೇರಿಸಿಕೊಂಡಿರಲಿಲ್ಲ. ಯಾರಿಗೆ ಯಾವ ಔಷಧವೆಂಬುದು ಫಲವನ್ನು ಅಳೆಯುವವರಿಗೆ ತಿಳಿದೂ ಇತ್ತು. ಇವು ಆ ಕೆಲಸದ ಮಿತಿಗಳು. ಆದರೂ ಈ ರೋಗದಲ್ಲಿ ಹೆಪಾರಿನ್ನನ್ನು ಕುರಿತು ಲೋಕದಲ್ಲಿ ನಡೆದ ಪಂಗಡಪರೀಕ್ಷೆಗಳೇ ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲಿ ನಡೆಯಿತೆಂಬುದು ಸಣ್ಣ ಮಾತಲ್ಲ.

ಹೆಪಾರಿನ್ನನ್ನು ಬಾಣಂತಿಗೆ ಕೊಟ್ಟ ವರ್ತಮಾನವನ್ನು ಇಂಗ್ಲೆಂಡಿನ ಸ್ಟಾನ್ಸ್‌ಫೀಲ್ಡ್ ೧೯೪೨ರಲ್ಲಿಯೇ ಬರೆದಿದ್ದನು. ಆದರೂ ವೈದ್ಯರು ಅರ್ಧ ಶತಮಾನ ಹಿಂಜರಿದರು. ಹಿಂಜರಿಕೆ ಸಹಜವೇ: ಮೆದುಳಿನಲ್ಲಿ ರಕ್ತ ಒಸರುತ್ತಿರುವಾಗ ರಕ್ತವನ್ನು ತೆಳುಮಾಡುವ ಔಷಧವನ್ನು ಕೊಡುವವರುಂಟೆ? ೧೯೯೧ರಲ್ಲಿ ಮ್ಯೂನಿಕ್ಕಿನ ಐನ್‌ಹಾಯ್ಪ್ಲ್ ಇಪ್ಪತ್ತು ಮಂದಿಯ ಮೇಲೆ ಪರೀಕ್ಷೆ ನಡೆಸಿದನು. ಹೆಪಾರಿನ್ ಪಡೆದ ಹತ್ತು ಮಂದಿಯಲ್ಲಿ ಎಂಟು ಮಂದಿ ಪೂರ್ಣ ಗುಣ, ಉಳಿದಿಬ್ಬರಿಗೆ ಅಲ್ಪ ದೋಷ; ಪಡೆಯದ ಹತ್ತು ಮಂದಿಯಲ್ಲಿ ಒಬ್ಬನೇ ಪೂರ್ಣ ಗುಣ, ಮೂವರ ಮರಣ. ಬಸಿಗಾಲುವೆಯ ಉಪಮೆ ಇಲ್ಲಿ ಮತ್ತೆ ಒದಗುತ್ತದೆ. ಒಡೆದ ಬದುವಿಗೆ ಮಣ್ಣು ಹಾಕುತ್ತ ಕುಳಿತರೆ ಪ್ರಯೋಜನವಿಲ್ಲ. ಕಟ್ಟಿಕೊಂಡ ಕಸ ಬೆಳೆಯದಂತೆ ತಡೆದರೆ ನೀರು ತಾನೇ ದಾರಿ ಮಾಡಿಕೊಳ್ಳುವುದು.

ಇನ್ನು ಬಾಣಂತನದ ಪ್ರಶ್ನೆ. ನಮ್ಮ ಸೀಮೆಯ ಬಾಣಂತನದಲ್ಲಿ ಗಾಳಿಯಾಡದ ಕೋಣೆ, ತಲೆಗೂ ಕಿವಿಗೂ ಬಿಗಿದ ಬಟ್ಟೆ, ಸಾಂಬ್ರಾಣಿಯ ಹೊಗೆ, ಮೆಣಸು ಬೆಳ್ಳುಳ್ಳಿಯ ಸಾರು, ಹಂಡೆಗಟ್ಟಲೆ ಬಿಸಿನೀರಿನ ಸ್ನಾನ ಇವೆಲ್ಲ ಉಂಟು. ಕುಡಿಯಲು ಮಾತ್ರ ನೀರು ಕಡಿಮೆ. ‘ನೀರು ಕುಡಿದರೆ ಹೊಟ್ಟೆ ಬರುತ್ತೆ, ಮಗೂಗೆ ಶೀತ ಆಗುತ್ತೆ’ ಎಂದು ಲೋಟವನ್ನು ಅಡಗಿಸಿಡುವ ಅತ್ತೆಯರನ್ನು ನಾನೇ ಕಂಡಿದ್ದೇನೆ. ನೀರಿನ ಈ ಅಭಾವವೂ ಸಿರೆಗಳ ಹೆಪ್ಪಿಗೆ ಕಾರಣವಿರಬಹುದೆಂದು ಭಾರತದ ವೈದ್ಯರು ಬಹಳ ಹಿಂದಿನಿಂದ ಸಂಶಯಪಟ್ಟಿದ್ದಾರೆ. ಸಂಶಯವೇ ಹೊರತು ಸಿದ್ಧಾಂತವಲ್ಲ. ಮೆಕ್ಸಿಕೋದಲ್ಲಿಯೂ ಬಾಣಂತಿಯರಿಗೆ ಈ ರೋಗ ಹೇರಳವಾಗಿ ಕಂಡಿದೆ, ಅಲ್ಲಿ ನಮ್ಮ ಅತ್ತೆಯರಿಲ್ಲ. ನಿಮ್ಹಾನ್ಸಿನವರೇ ೨೦೦೮ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ರೋಗ ಬಂದ ಬಾಣಂತಿಯರ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ದ್ರವ್ಯ ಹೆಚ್ಚಾಗಿಯೂ ಫೋಲೇಟ್ ಎಂಬ ಜೀವಸತ್ವ ಕಡಿಮೆಯಾಗಿಯೂ ಇದ್ದುದು ಕಂಡುಬಂದಿತು. ಫೋಲೇಟ್ ಮುಖ್ಯವಾಗಿ ಬರುವುದು ಸೊಪ್ಪುಗಳಿಂದ. ಬಾಣಂತಿಗೆ ಸೊಪ್ಪು ‘ಶೀತ’ವೆಂದು ಬಿಡಿಸುವ ಮನೆಗಳನ್ನು ನೆನೆದಾಗ ಎರಡಕ್ಕೂ ಗಂಟುಹಾಕಬೇಕೆನಿಸುತ್ತದೆ. ಆ ಗಂಟು ನನ್ನದು, ಅಧ್ಯಯನದ್ದಲ್ಲ.

ಬಾಣಂತನವನ್ನೆಲ್ಲ ಮೌಢ್ಯವೆಂದು ತಳ್ಳಿಬಿಡುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಹೆತ್ತವಳಿಗೆ ತಿಂಗಳುಗಟ್ಟಲೆ ವಿಶ್ರಾಂತಿ, ಎಣ್ಣೆ ಒತ್ತುವುದು, ತುಪ್ಪದ ಊಟ ಇವನ್ನು ನಿಯಮವಾಗಿ ದೊರಕಿಸಿಕೊಟ್ಟ ಪದ್ಧತಿ ಅದು. ಆದರೆ ನೀರನ್ನು ತಡೆಯುವುದಕ್ಕೆ ಶಾಸ್ತ್ರದ ಆಧಾರವಿದೆಯೆಂದು ಹೇಳುವವರು ಚರಕಸಂಹಿತೆಯ ಶಾರೀರಸ್ಥಾನವನ್ನು ತೆರೆದು ನೋಡಬೇಕು. ಅಲ್ಲಿ ಹೆತ್ತವಳಿಗೆ ಸ್ನೇಹಪಾನದ ತರುವಾಯ ವಿಧಿಸಿರುವುದು ತೆಳ್ಳನೆಯ ಗಂಜಿ. ಬಾಯಾರಿಕೆಯನ್ನು ರೋಗಲಕ್ಷಣವಾಗಿ ಬರೆದಿಟ್ಟವರು ನೀರನ್ನು ಅಡಗಿಸಿಡಿರೆಂದು ಹೇಳುವವರಲ್ಲ.

ಸ್ನಾನದ ಮಾತು ಬಂದುದರಿಂದ ಒಂದು ಉಪಕಥೆ. ತಲೆಯ ಮೇಲೆ ಬಿಸಿನೀರನ್ನು ಹುಯ್ದುಕೊಳ್ಳುವಾಗಲೇ ಸೆಳವು ಬರುವ ಒಂದು ವಿಚಿತ್ರ ರೋಗ ದಕ್ಷಿಣ ಕರ್ನಾಟಕದಲ್ಲಿ ಬಹಳವಾಗಿದೆ. ಬೆಂಗಳೂರಿನ ಕೆ. ಎಸ್. ಮಣಿಯವರು ೧೯೬೮ರಲ್ಲಿ ಅದನ್ನು ವರ್ಣಿಸಿದರು, ನಿಮ್ಹಾನ್ಸಿನ ಪಿ. ಸತೀಶ್‌ಚಂದ್ರ ಅವರೂ ಜೊತೆಗಾರರೂ ೧೯೮೮ರಲ್ಲಿ ೨೭೯ ರೋಗಿಗಳ ವಿವರ ಕೊಟ್ಟರು. ಬಾಣಂತಿ ಬಚ್ಚಲಿನಲ್ಲಿ ಸೆಳವು ಬಂದು ಬಿದ್ದರೆ ಅದು ಆ ರೋಗವೋ ಈ ರೋಗವೋ ಎಂಬುದನ್ನು ಬಚ್ಚಲಿನ ಹೊರಗೆ ನಿಂತವರು ಹೇಳಲಾರರು. ಸ್ನಾನಕ್ಕೆ ಮೊದಲೇ ಎರಡು ಮೂರು ದಿನದಿಂದ ತಲೆನೋವಿತ್ತೆ ಎಂದು ಕೇಳುವುದು ಸುಳುವಾದ ದಾರಿ. ಇತ್ತೆಂದರೆ ಬಿಸಿನೀರನ್ನು ದೂರುವುದು ಸರಿಯಲ್ಲ.

ಈಗ ಸ್ಟೀರಾಯ್ಡ್ ಔಷಧದ ವಿಷಯ. ನಮ್ಮಣ್ಣನ ಮಗಳನ್ನು ಮೊದಲು ಸೇರಿಸಿದ ಆಸ್ಪತ್ರೆಯಲ್ಲಿ, ‘ಮೆದುಳು ಊದಿದೆ, ಊತ ಇಳಿಯಬೇಕು’ ಎಂದು ಡೆಕ್ಸಾಮೆಥಾಸೋನ್ ಚುಚ್ಚುಮದ್ದನ್ನು ಎರಡು ದಿನ ಕೊಟ್ಟರು. ಬೆಂಗಳೂರಿಗೆ ಕರೆದೊಯ್ದ ಮೇಲೆ ಅಲ್ಲಿನ ವೈದ್ಯರು ಚೀಟಿಯನ್ನು ಓದಿ, ಆ ಮದ್ದನ್ನು ನಿಲ್ಲಿಸಿ, ಹೆಪಾರಿನ್ನನ್ನು ಆರಂಭಿಸಿದರು. ‘ಇದು ಆ ಊತವಲ್ಲ’ ಎಂದು ಅವರು ಹೇಳಿದ ಒಂದು ವಾಕ್ಯ ನನ್ನ ಕುತೂಹಲಕ್ಕೆ ಬೀಜವಾಯಿತು. ಊತದಲ್ಲಿಯೂ ಜಾತಿಗಳುಂಟೆ?

ಉಂಟು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳ ಹೊರಪದರದಲ್ಲಿ ಹುಟ್ಟುವ ದ್ರವ್ಯಗಳಿಗೆ ಕಾರ್ಟಿಕೋಸ್ಟೀರಾಯ್ಡುಗಳೆಂದು ಹೆಸರು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಹೆಂಚ್ ಎಂಬ ವೈದ್ಯನು ೧೯೪೮ರಲ್ಲಿ, ಕೀಲುವಾತದಿಂದ ನಡೆಯಲಾರದಿದ್ದ ಹೆಂಗಸೊಬ್ಬಳಿಗೆ ಕಾರ್ಟಿಸೋನನ್ನು ಕೊಟ್ಟಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. ಹೆಂಚನೂ ಕೆಂಡಾಲ್, ರೈಖ್‌ಸ್ಟೈನ್ ಎಂಬ ರಸಾಯನಜ್ಞರೂ ೧೯೫೦ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಅದಕ್ಕಿಂತ ಹಲವು ಪಾಲು ಬಲವಾದ ಡೆಕ್ಸಾಮೆಥಾಸೋನನ್ನು ೧೯೫೦ರ ದಶಕದ ಕೊನೆಗೆ ರಸಾಯನಶಾಲೆಯಲ್ಲಿ ತಯಾರಿಸಿದರು. ೧೯೬೧ರಲ್ಲಿ ಮಿನೆಸೋಟಾದ ಗ್ಯಾಲಿಸಿಚ್ ಮತ್ತು ಫ್ರೆಂಚ್ ಎಂಬವರು, ಮೆದುಳಿನ ಗಡ್ಡೆಯಿಂದ ಎಚ್ಚರತಪ್ಪುತ್ತಿದ್ದ ರೋಗಿಗಳು ಈ ಔಷಧದಿಂದ ಚೇತರಿಸಿಕೊಳ್ಳುವುದನ್ನು ತೋರಿಸಿದರು. ಅಲ್ಲಿಂದ ಮುಂದೆ ಮೆದುಳು ಊದಿತೆಂದರೆ ಡೆಕ್ಸಾ ಎಂಬುದು ವೈದ್ಯರ ಕೈಗೆ ಅಭ್ಯಾಸವಾಯಿತು.

ತಪ್ಪಿದ್ದು ಈ ಸಾಮಾನ್ಯೀಕರಣದಲ್ಲಿ. ಗಡ್ಡೆಯ ಸುತ್ತಣ ಊತಕ್ಕೆ ಕಾರಣ, ಗಡ್ಡೆಯಲ್ಲಿ ಹೊಸದಾಗಿ ಹುಟ್ಟಿದ ನಾಳಗಳ ಗೋಡೆ ಸಡಿಲವಾಗಿ ನೀರು ಸೋರುವುದು. ಸ್ಟೀರಾಯ್ಡ್ ಆ ಗೋಡೆಯನ್ನು ಬಿಗಿಮಾಡುತ್ತದೆ, ಸೋರುವುದು ನಿಲ್ಲುತ್ತದೆ. ಪೆಟ್ಟಿನಿಂದಲೋ ರಕ್ತವಿಲ್ಲದೆಯೋ ಜೀವಕೋಶಗಳೇ ಊದಿಕೊಂಡಾಗ ಬಿಗಿಮಾಡಲು ಗೋಡೆಯ ದೋಷವೇ ಮುಖ್ಯವಲ್ಲ. ೧೯೬೭ರಲ್ಲಿ ಕ್ಲಾಟ್ಸೋ ಎಂಬ ವಿದ್ವಾಂಸನು ಈ ಎರಡು ಊತಗಳನ್ನು ಬೇರ್ಪಡಿಸಿ ಹೆಸರಿಟ್ಟನು. ಆದರೂ ಅಭ್ಯಾಸ ನಿಲ್ಲಲಿಲ್ಲ. ತಲೆಗೆ ಪೆಟ್ಟಾದವರಿಗೆ ಸ್ಟೀರಾಯ್ಡ್ ಕೊಡುವುದು ಹಿತವೋ ಅಹಿತವೋ ಎಂಬುದನ್ನು ೧೦,೦೦೮ ಮಂದಿಯಲ್ಲಿ ಪರೀಕ್ಷಿಸಿ ೨೦೦೪ರಲ್ಲಿ ನಿರ್ಣಯಿಸಿದರು: ಕೊಟ್ಟವರಲ್ಲಿ ಎರಡು ವಾರದೊಳಗೆ ನೂರಕ್ಕೆ ೨೧.೧ ಮಂದಿ, ಕೊಡದವರಲ್ಲಿ ೧೭.೯ ಮಂದಿ ಸತ್ತಿದ್ದರು. ಇಪ್ಪತ್ತು ಸಾವಿರ ಮಂದಿಯವರೆಗೆ ನಡೆಯಬೇಕೆಂದಿದ್ದ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಎಷ್ಟು ದಶಕಗಳ ಸದ್ಭಾವನೆಯ ಚಿಕಿತ್ಸೆಯ ಮೇಲೆ ಈ ಅಂಕಿ ಬೆಳಕು ಚೆಲ್ಲುತ್ತದೆಂಬುದನ್ನು ಯೋಚಿಸಿದರೆ ಮೈ 'ಜುಮ್' ಎನ್ನುತ್ತದೆ.

ಸಿರೆಗಳ ರೋಗದಲ್ಲಿ ಊತ ಇನ್ನೂ ತೊಡಕಿನದು. ಅಲ್ಲಿ ಸೋರಿಕೆಯೂ ಉಂಟು, ಜೀವಕೋಶದ ಊತವೂ ಉಂಟು. ಆದರೆ ಎರಡಕ್ಕೂ ಮೂಲ ಹಿಂದಿನಿಂದ ಒತ್ತುತ್ತಿರುವ ರಕ್ತ. ಬಸಿಗಾಲುವೆ ತೆರೆಯುವ ತನಕ ಗದ್ದೆಯ ನೆಲಕ್ಕೆ ಎಷ್ಟು ಬಳಿದರೇನು? ಇದಲ್ಲದೆ ಸ್ಟೀರಾಯ್ಡೇ ರಕ್ತವನ್ನು ಹೆಪ್ಪುಗಟ್ಟುವ ಕಡೆಗೆ ನೂಕುವುದೆಂಬುದಕ್ಕೂ ಆಧಾರಗಳಿವೆ. ಮೊದಲೇ ಹೇಳಿದ ೬೨೪ ರೋಗಿಗಳ ಅಧ್ಯಯನದಲ್ಲಿ ೧೫೦ ಮಂದಿಗೆ ಅವರವರ ವೈದ್ಯರು ಸ್ಟೀರಾಯ್ಡ್ ಕೊಟ್ಟಿದ್ದರು. ಪೋರ್ಚುಗಲ್ಲಿನ ಕನ್ಯಾವ್ ಎಂಬಾಕೆಯೂ ಜೊತೆಗಾರರೂ ಇವರನ್ನು, ಸ್ಟೀರಾಯ್ಡ್ ಪಡೆಯದ ಸಮಾನಸ್ಥಿತಿಯ ರೋಗಿಗಳೊಡನೆ ಹೋಲಿಸಿ ೨೦೦೮ರಲ್ಲಿ ಫಲವನ್ನು ಪ್ರಕಟಿಸಿದರು. ಒಟ್ಟಿನಲ್ಲಿ ಪ್ರಯೋಜನ ಕಾಣಲಿಲ್ಲ. ರೋಗಿಗಳ ಒಂದು ಉಪಪಂಗಡದಲ್ಲಂತೂ ಸಾವು ಅಥವಾ ಪರಾಧೀನತೆಯ ಸಂಭವ ೪.೮ ಪಾಲು ಹೆಚ್ಚಾಗಿತ್ತು.

ಈ ಅಧ್ಯಯನ ಚೀಟಿಯೆತ್ತಿ ಪಂಗಡ ಮಾಡಿದ ಪರೀಕ್ಷೆಯಲ್ಲ. ಹೆಚ್ಚು ಕೆಟ್ಟ ಸ್ಥಿತಿಯಲ್ಲಿದ್ದವರಿಗೇ ವೈದ್ಯರು ಸ್ಟೀರಾಯ್ಡ್ ಕೊಟ್ಟಿರಬಹುದು, ಆದುದರಿಂದ ಫಲ ಕೆಟ್ಟದಾಗಿ ಕಂಡಿರಬಹುದು ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಹೋಲಿಕೆಯಲ್ಲಿ ಸ್ಥಿತಿಗಳನ್ನು ಸರಿದೂಗಿಸಿದ್ದರೂ ಆಕ್ಷೇಪ ಪೂರ್ತಿ ಹೋಗುವುದಿಲ್ಲ. ಆದರೂ ಹಿತವಿದೆಯೆಂದು ತೋರಿಸುವ ಹೊಣೆ ಔಷಧ ಕೊಡುವವನದೇ ಅಲ್ಲವೆ? ಅಮೆರಿಕದ ಹೃದಯರೋಗ ಸಂಘ ೨೦೧೧ರಲ್ಲಿಯೂ ಯೂರೋಪಿನ ಪಾರ್ಶ್ವವಾಯು ಸಂಘ ೨೦೧೭ರಲ್ಲಿಯೂ ಈ ರೋಗದ ಆರಂಭದಲ್ಲಿ ಸ್ಟೀರಾಯ್ಡ್ ಬೇಡವೆಂದು ಸೂಚಿಸಿದವು. ಅಪವಾದವೊಂದನ್ನು ಉಳಿಸಿಕೊಂಡರು: ಬೆಹ್ಚೆಟ್ ಎಂಬ ತುರ್ಕಿಯ ವೈದ್ಯನ ಹೆಸರಿನ ರೋಗದಲ್ಲಿ ನಾಳಗಳ ಗೋಡೆಯೇ ಉರಿಯೂತಕ್ಕೆ ಸಿಕ್ಕಿ ಸಿರೆ ಹೆಪ್ಪುಗಟ್ಟುತ್ತದೆ, ಅಲ್ಲಿ ಸ್ಟೀರಾಯ್ಡೇ ಮುಖ್ಯ ಔಷಧ. ಊತ ಮಿತಿಮೀರಿ ಜೀವಕ್ಕೆ ಬಂದಾಗ ತಲೆಬುರುಡೆಯ ಒಂದು ಭಾಗವನ್ನು ತೆಗೆದು ಮೆದುಳಿಗೆ ಎಡೆಮಾಡಿಕೊಡುವ ಶಸ್ತ್ರಕ್ರಿಯೆಯೇ ಕೊನೆಯ ದಾರಿ.

ಇದೆಲ್ಲವನ್ನೂ ಕೇಳಿ ಡೆಕ್ಸಾಮೆಥಾಸೋನನ್ನು ವಿಷವೆಂದು ತಿಳಿದರೆ ಅದೂ ತಪ್ಪೇ. ತಿಂಗಳು ತುಂಬುವ ಮೊದಲೇ ನೋವು ಕಾಣಿಸಿಕೊಂಡ ಬಸುರಿಗೆ ಇದೇ ಚುಚ್ಚುಮದ್ದನ್ನು ಕೊಟ್ಟರೆ ಹುಟ್ಟುವ ಕೂಸಿನ ಶ್ವಾಸಕೋಶ ಬೇಗ ಪಕ್ವವಾಗುತ್ತದೆ. ಬಡ ದೇಶಗಳ ಆಸ್ಪತ್ರೆಗಳಲ್ಲಿಯೂ ಇದು ನಿಜವೆ ಎಂದು ತಿಳಿಯಲು ಐದು ದೇಶಗಳಲ್ಲಿ ೨,೮೫೨ ಬಸುರಿಯರ ಮೇಲೆ ನಡೆದ ಪರೀಕ್ಷೆಯಲ್ಲಿ ನಮ್ಮ ಬೆಳಗಾವಿಯೂ ಒಂದು ಕೇಂದ್ರವಾಗಿತ್ತು. ೨೦೨೦ರಲ್ಲಿ ಪ್ರಕಟವಾದ ಫಲದಂತೆ, ಔಷಧ ಪಡೆದವರ ಕೂಸುಗಳಲ್ಲಿ ನೂರಕ್ಕೆ ೧೯.೬, ಪಡೆಯದವರ ಕೂಸುಗಳಲ್ಲಿ ೨೩.೫ ತೀರಿಕೊಂಡವು. ಭಾರತ ಸರ್ಕಾರ ೨೦೧೪ರಲ್ಲಿಯೇ, ಇಂಥ ಬಸುರಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮೊದಲು ಹಳ್ಳಿಯ ದಾದಿಯೂ ಒಂದು ಸಲ ಈ ಮದ್ದನ್ನು ಕೊಡಬಹುದೆಂದು ಅನುಮತಿ ನೀಡಿತು. ಹೀಗೆ ಒಂದೇ ಸೀಸೆಯ ಮದ್ದು ಹೆರಿಗೆಗೆ ಮುನ್ನ ಕೂಸಿಗೆ ಪ್ರಾಣದಾಯಕ, ಹೆರಿಗೆಯಾದ ಹತ್ತನೆಯ ದಿನ ತಾಯಿಯ ಸಿರೆ ಕಟ್ಟಿದರೆ ನಿಷ್ಪ್ರಯೋಜಕ, ಬಹುಶಃ ಅಪಾಯಕರ. ನಾನಾರ್ಥಪದಗಳನ್ನು ಪಾಠಹೇಳುವ ನಮಗೆ ಇದು ಅಪರಿಚಿತ ನ್ಯಾಯವಲ್ಲ. ಸಂದರ್ಭವನ್ನು ಬಿಟ್ಟು ಅರ್ಥವಿಲ್ಲ.

ಆಕೆಯನ್ನು ಬೆಂಗಳೂರಿಗೆ ಕರೆದೊಯ್ದ ದಾರಿಯನ್ನೂ ಇಲ್ಲಿ ಹೇಳಬೇಕು. ಅರಕಲಗೂಡಿನಿಂದ ಹಾಸನಕ್ಕೆ ಸುಮಾರು ಮೂವತ್ತು ಕಿಲೋಮೀಟರು, ಹಾಸನದಿಂದ ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ಸುಮಾರು ನೂರ ಎಂಬತ್ತೈದು. ಹಾಸನದಲ್ಲಿ ೨೦೦೬ರಿಂದ ವೈದ್ಯಕೀಯ ವಿಜ್ಞಾನಗಳ ಕಾಲೇಜಿದೆ. ೨೦೦೮ರಿಂದ ೧೦೮ ಸಂಖ್ಯೆಯ ಆಂಬ್ಯುಲೆನ್ಸ್ ನಾಡಿನಲ್ಲಿ ಓಡಾಡುತ್ತಿದೆ. ಚಿಕ್ಕಮ್ಮನ ಕಾಲದಲ್ಲಿ ಇವು ಯಾವುವೂ ಇರಲಿಲ್ಲ. ಆದರೆ ಮೊದಲ ಮೂರು ದಿನ ಕಳೆದುಹೋಗುವುದು ರಸ್ತೆಯಲ್ಲಲ್ಲ, ಮನೆಯಲ್ಲಿ. ‘ಬಾಣಂತಿಗೆ ತಲೆನೋವು ಇದ್ದದ್ದೇ, ಗಾಳಿ ಹೊಡೆದಿದೆ’ ಎಂದು ತಲೆಗೆ ಇನ್ನೊಂದು ಸುತ್ತು ಬಟ್ಟೆ ಬಿಗಿಯುವುದರಲ್ಲಿ ಆ ದಿನಗಳು ಕಳೆಯುತ್ತವೆ. ಅಣ್ಣನ ಮಗಳ ವಿಷಯದಲ್ಲಿಯೂ ಎರಡು ದಿನ ಹೀಗೆಯೇ ಹೋದವು. ನಾನೂ ಮನೆಯಲ್ಲೇ ಇದ್ದೆ.

ಇತ್ತೀಚೆಗೆ ರೋಗದ ಮುಖವೂ ಬದಲಾಗುತ್ತಿದೆ. ಹೈದರಾಬಾದಿನ ನಿಜಾಮ್ ಸಂಸ್ಥೆಯಲ್ಲಿ ೪೨೮ ರೋಗಿಗಳನ್ನು ನೋಡಿ ೨೦೧೨ರಲ್ಲಿ ಪ್ರಕಟಿಸಿದ ವಿವರದಲ್ಲಿ ಗಂಡಸರ ಸಂಖ್ಯೆಯೇ ಹೆಚ್ಚು. ಹೆರಿಗೆಗಳು ಆಸ್ಪತ್ರೆಗೆ ಬಂದುದರಿಂದ ಬಾಣಂತಿಯರಲ್ಲಿ ಇಳಿಯಿತೋ, ಕುಡಿತ ಮೊದಲಾದ ಕಾರಣಗಳಿಂದ ಗಂಡಸರಲ್ಲಿ ಏರಿತೋ, ಎರಡೂ ಇರಬಹುದು.

ನನ್ನ ಪದಸಂಗ್ರಹಕ್ಕೆ ಕೊನೆಗೆ ಹೀಗೆ ಬರೆದುಕೊಂಡಿದ್ದೇನೆ, ತಿದ್ದುವವರಿದ್ದರೆ ಸಂತೋಷ. ‘ಬಾಣಂತಿಸನ್ನಿ, ನಾಮಪದ (ಬಾಣಂತಿ + ಸನ್ನಿ < ಸಂ. ಸನ್ನಿಪಾತ). ಹೆರಿಗೆಯ ತರುವಾಯ ಬರುವ ಸೆಳವು, ಪ್ರಜ್ಞಾನಾಶ, ಜ್ವರಪ್ರಲಾಪ ಅಥವಾ ಚಿತ್ತಭ್ರಮೆಗೆ ಜನರು ಇಟ್ಟ ಸಾಮಾನ್ಯ ಹೆಸರು. ಒಂದು ರೋಗವಲ್ಲ. ಮೊದಲು ದಿನದಿನಕ್ಕೆ ಏರುವ ತಲೆನೋವು, ಆಮೇಲೆ ಸೆಳವು ಅಥವಾ ಒಂದು ಪಕ್ಕದ ಬಲಹೀನತೆ ಬಂದುದಾದರೆ, ಮೆದುಳಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇದು ಬಹುಮಟ್ಟಿಗೆ ಗುಣವಾಗುವಂಥದು.’ ನಿಘಂಟಿನ ಶೈಲಿಗೆ ಕೊನೆಯ ವಾಕ್ಯ ಹೊಂದುವುದಿಲ್ಲವೆಂದು ಮಿತ್ರರೊಬ್ಬರು ಹೇಳಿದರು. ನಾನು ಅದನ್ನು ತೆಗೆದಿಲ್ಲ.